‘ನಮ್ಮನೇಲಿ ಹೇಳ್ತೀರಾ ಮೇಡಂ?’

ನಮ್ಮದು ಜಿಲ್ಲಾ ಕೇಂದ್ರದಲ್ಲಿರುವ ಅನುದಾನಿತ ಪದವಿ ಕಾಲೇಜು. ನಾನು ಅರ್ಥಶಾಸ್ತ್ರ ಪಾಠ ಮಾಡುವ ಸಹ ಪ್ರಾಧ್ಯಾಪಕಿ. ಜೊತೆಗೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯ ಅಧ್ಯಕ್ಷೆ. ಕಾಲೇಜಿನಲ್ಲಿ ಎಲ್ಲರೂ ಅದನ್ನು ಐಸಿಸಿ ಅಂತಲೇ ಕರೆಯುತ್ತಾರೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2015ರ ನಿಯಮದ ಪ್ರಕಾರ ಕಾಲೇಜಿನಲ್ಲಿ ಈ ಸಮಿತಿಗೆ ಅಧ್ಯಕ್ಷೆಯಾಗುವವರು ಕನಿಷ್ಠ ಸಹ ಪ್ರಾಧ್ಯಾಪಕಿ ಆಗಿರಬೇಕು. ವಿಭಾಗದ ಮುಖ್ಯಸ್ಥರಂಥ ಆಡಳಿತದ ಹುದ್ದೆಯಲ್ಲಿ ಇರುವವರು ಸಮಿತಿಯಲ್ಲಿ ಇರುವಂತಿಲ್ಲ. ಇವೆರಡನ್ನೂ ನೋಡಿದರೆ ನಮ್ಮಲ್ಲಿ ಉಳಿಯುವ ಹೆಸರುಗಳೇ ಕಡಿಮೆ. ಹಾಗಾಗಿ ಆದೇಶ ನನಗೆ ಬಂತು.

ಇಲ್ಲಿ ಎರಡು ದೂರುಗಳ ವಿಷಯ ಬರೆಯುತ್ತಿದ್ದೇನೆ. ಒಂದನ್ನು ಬಿಡಿಸಿ ಹೇಳಬಹುದು. ಇನ್ನೊಂದನ್ನು ಹೇಳುವಂತಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಬಹಳ ಸ್ಪಷ್ಟವಾಗಿದೆ. ದೂರು ಕೊಟ್ಟವಳು, ಆರೋಪಕ್ಕೆ ಒಳಗಾದವರು, ಸಾಕ್ಷಿಗಳು, ಇವರ ಗುರುತು ಸಿಗುವ ಯಾವುದೂ ಹೊರಗೆ ಹೋಗಬಾರದು. ಅದಕ್ಕೆ ಎರಡನೆಯದರಲ್ಲಿ ನಾವು ಏನೇನು ಮಾಡಿದೆವು ಎಂಬುದು ಮಾತ್ರ ಇದೆ. ಏನು ನಡೆದಿತ್ತು ಎಂಬುದು ಇಲ್ಲ.

ಮೊದಲನೆಯದು ಭೂವಿಜ್ಞಾನ ವಿಭಾಗದ್ದು. ಆ ವಿಷಯ ಓದುವ ಮಕ್ಕಳಿಗೆ ಫೀಲ್ಡ್ ಟ್ರಿಪ್ ಅಂದರೆ ಸುಮ್ನೆ ಪ್ರವಾಸ ಅಲ್ಲ, ಅದೇ ಪಾಠ. ಚಿತ್ರದುರ್ಗದ ಕಡೆ ಹೋಗಿ ಎರಡು ರಾತ್ರಿ ಉಳಿದು ಬರುವ ಕಾರ್ಯಕ್ರಮ ಅದು. ಮರಡಿಹಳ್ಳಿಯ ಪಿಲ್ಲೋ ಲಾವಾ ನೋಡಬೇಕು. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಉಕ್ಕಿ, ಅಲ್ಲೇ ತಣಿದು ಉಂಡೆಗಟ್ಟಿದ ಲಾವಾ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ದಾರಿಯುದ್ದಕ್ಕೂ ಬಂಡೆಗಳ ಮೇಲೆ ಬ್ರಂಟನ್ ಕಾಂಪಸ್ ಇಟ್ಟು, ಪದರ ಯಾವ ದಿಕ್ಕಿಗೆ ಹಾಯ್ದಿದೆ, ಎಷ್ಟು ಡಿಗ್ರಿ ವಾಲಿದೆ ಎಂದು ಅಳೆದು ನಕ್ಷೆ ಮಾಡಬೇಕು. ಆ ವರದಿಗೆ ಅಂಕ ಇದೆ.

ಆ ವರ್ಷ ನೋಟಿಸ್ ಬೋರ್ಡಿಗೆ ಹಾಕಿದ ಸುತ್ತೋಲೆಯಲ್ಲಿ ಗಂಡುಮಕ್ಕಳಿಗೆ ಚಿತ್ರದುರ್ಗ ಎಂದಿತ್ತು. ಹೆಣ್ಣುಮಕ್ಕಳಿಗೆ ಊರ ಹತ್ತಿರದ ಕಲ್ಲು ಕ್ವಾರಿಗೆ ಒಂದು ದಿನದ ಭೇಟಿ. ಅಷ್ಟೇ.

ಹುಡುಗಿಯರು ನನ್ನ ಹತ್ತಿರ ಬಂದಾಗ ಪ್ರವಾಸ ಮುಗಿದು ವರದಿ ಒಪ್ಪಿಸುವ ಹೊತ್ತಾಗಿತ್ತು. ದೂರು ಕೊಡಲು ಬಂದವರ ಹಾಗೆ ಇರಲಿಲ್ಲ. ‘ಮೇಡಂ, ಇದು ಕಂಪ್ಲೇಂಟ್ ಆಗುತ್ತಾ?’ ಅಂತ ಕೇಳಿದರು. ಇಬ್ಬರ ವರದಿ ತೆರೆದು ಮೇಜಿನ ಮೇಲೆ ಇಟ್ಟರು. ಹುಡುಗನ ವರದಿಯಲ್ಲಿ ಪುಟ ತುಂಬಾ ಅಳತೆಗಳು, ಬೇರೆ ಬೇರೆ ಜಾಗದ ಮಾದರಿ ಕಲ್ಲುಗಳ ವಿವರ, ಕೈಯಲ್ಲಿ ಬರೆದ ನಕ್ಷೆ. ಹುಡುಗಿಯ ವರದಿಯಲ್ಲಿ ಒಂದೇ ಕ್ವಾರಿಯ ಒಂದೇ ಗೋಡೆ. ಅಳತೆಯ ಪಟ್ಟಿಯಲ್ಲಿ ಮೂರು ಸಾಲು ತುಂಬಿತ್ತು, ಉಳಿದದ್ದು ಖಾಲಿ. ಇಬ್ಬರಿಗೂ ಅಂಕ ಕೊಡುವುದು ಒಂದೇ ಮಾನದಂಡದ ಮೇಲೆ. ಎಷ್ಟು ಜಾಗ ನೋಡಿದ್ದೀರಿ, ಎಷ್ಟು ಅಳತೆ ತೆಗೆದಿದ್ದೀರಿ. ನನಗೆ ಭೂವಿಜ್ಞಾನ ಗೊತ್ತಿಲ್ಲ. ಆ ಎರಡು ಪುಟ ಅಕ್ಕಪಕ್ಕ ಇಟ್ಟು ನೋಡಲು ಭೂವಿಜ್ಞಾನ ಗೊತ್ತಿರಬೇಕಾಗಿಯೂ ಇರಲಿಲ್ಲ.

ಇದು ಐಸಿಸಿಗೆ ಬರುವ ವಿಷಯವಲ್ಲ. ಇಲ್ಲಿ ಲೈಂಗಿಕ ಕಿರುಕುಳ ಇಲ್ಲ, ಹೆಣ್ಣು ಎಂಬ ಕಾರಣಕ್ಕೆ ಮಾಡಿದ ತಾರತಮ್ಯ ಇದೆ. ಅದಕ್ಕೆ ಬೇರೆ ದಾರಿ. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮದಲ್ಲಿ, ಮಹಿಳೆಯರೂ ಸೇರಿದಂತೆ ಕೆಲವು ವರ್ಗದ ವಿದ್ಯಾರ್ಥಿಗಳು ತಾರತಮ್ಯ ಆಗಿದೆ ಎಂದು ಕೊಡುವ ದೂರು ಕುಂದುಕೊರತೆಯ ವ್ಯಾಖ್ಯೆಯೊಳಗೇ ಬರುತ್ತದೆ. ಪ್ರತಿ ಸಂಸ್ಥೆಯಲ್ಲೂ ಅದಕ್ಕೊಂದು ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ವರದಿ ಕೊಡಬೇಕು. ಅದು ಸರಿ ಅನಿಸದಿದ್ದರೆ ವಿದ್ಯಾರ್ಥಿ 15 ದಿನದೊಳಗೆ ಇಂಥ ದೂರುಗಳನ್ನು ಮತ್ತೆ ನೋಡುವ ಅಧಿಕಾರಿಯಾದ ಒಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಹೋಗಬಹುದು.

ಆದರೆ ಈ ವಿಂಗಡಣೆ ನಮ್ಮ ಕೆಲಸ, ಮಕ್ಕಳದಲ್ಲ. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ. ‘ಇದು ನಮ್ಮಲ್ಲಿ ಬರಲ್ಲಮ್ಮ, ಅಲ್ಲಿ ಹೋಗಿ ಕೇಳು’ ಅಂದ ಕ್ಷಣವೇ ಅರ್ಧ ದೂರುಗಳು ಸತ್ತುಹೋಗುತ್ತವೆ. ಒಂದು ಬಾಗಿಲು ತಟ್ಟುವ ಧೈರ್ಯ ಒಟ್ಟುಮಾಡಿಕೊಂಡು ಬಂದಿರುತ್ತಾರೆ. ಎರಡನೇ ಬಾಗಿಲಿಗೆ ಅದು ಉಳಿದಿರುವುದಿಲ್ಲ. ನಾನು ಆ ಹುಡುಗಿಯರಿಗೆ ಅಲ್ಲೇ ಹಾಳೆ ಕೊಟ್ಟು ಕೂರಿಸಿದೆ. ಸುತ್ತೋಲೆಯ ದಿನಾಂಕ, ಎರಡೂ ಭೇಟಿಗಳ ವಿವರ, ಅಂಕದ ವಿಧಾನ ಬರೆಯಿರಿ, ನಿಮಗೆ ಏನು ಆಗಬೇಕು ಎಂಬುದನ್ನೂ ಬರೆಯಿರಿ ಅಂದೆ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ‘ನ್ಯಾಯ ಕೊಡಿಸಿ’ ಅಂತ ಬರೆದರೆ ಸಮಿತಿಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ‘ನಮ್ಮನ್ನೂ ಫೀಲ್ಡ್‌ಗೆ ಕರೆದುಕೊಂಡು ಹೋಗಿ, ಅಲ್ಲಿಯವರೆಗೆ ಅಂಕ ಹಾಕಬೇಡಿ’ ಅಂತ ಬರೆದರು. ಅರ್ಜಿ ತೆಗೆದುಕೊಂಡು ಹೋಗಿ ಕುಂದುಕೊರತೆ ಸಮಿತಿಯ ಅಧ್ಯಕ್ಷರ ಕೈಗೆ ನಾನೇ ಕೊಟ್ಟೆ.

ಭೂವಿಜ್ಞಾನದ ಮುಖ್ಯಸ್ಥರು ಕೆಟ್ಟವರಲ್ಲ. ಇದನ್ನು ಹೇಳಲೇಬೇಕು. ‘ಮೇಡಂ, ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಲೇಡಿ ಸ್ಟಾಫ್ ಇಲ್ಲ. ರಾತ್ರಿ ಏನಾದರೂ ಆದರೆ ಜವಾಬ್ದಾರಿ ಯಾರು ತಗೋತಾರೆ? ನಾಳೆ ಅಪ್ಪ ಅಮ್ಮ ಬಂದು ನನ್ನ ಕುತ್ತಿಗೆಗೆ ಕೂರಲ್ವಾ?’ ಅಂದರು. ಅವರ ಭಯ ನಿಜವಾದದ್ದು. ಆದರೆ ಆ ಭಯಕ್ಕೆ ಬೆಲೆ ತೆತ್ತವರು ಯಾರು? ಹುಡುಗಿಯರು. ಹೆಣ್ಣುಮಕ್ಕಳ ಕಾಳಜಿಯ ಹೆಸರಿನಲ್ಲಿ ಹಾಸ್ಟೆಲಿನಲ್ಲಿ ಗಂಡುಮಕ್ಕಳಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು ಎಂದು ಯುಜಿಸಿಯ 2015ರ ನಿಯಮ ನೇರವಾಗಿ ಹೇಳುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಅವರ ಓಡಾಟ ಕಟ್ಟಿಹಾಕಬಾರದು ಎಂದೂ ಹೇಳುತ್ತದೆ. ಫೀಲ್ಡ್ ಟ್ರಿಪ್ ಎಂಬ ಪದ ಅಲ್ಲಿಲ್ಲ. ಆದರೆ ಹಾಸ್ಟೆಲಿಗೆ ಸಲ್ಲುವ ಮಾತು ಅಂಕ ಇರುವ ಪಾಠಕ್ಕೆ ಸಲ್ಲುವುದಿಲ್ಲ ಎನ್ನಲು ನನಗೆ ಯಾವ ಕಾರಣವೂ ಕಾಣಲಿಲ್ಲ. ಸಂವಿಧಾನದ 15ನೇ ವಿಧಿಯಂತೂ ಇದ್ದೇ ಇದೆ.

ಸಮಿತಿಯ ಸಭೆಯಲ್ಲಿ ಜಾಸ್ತಿ ಹೊತ್ತು ಹೋಗಿದ್ದು ತಪ್ಪು ಯಾರದು ಎಂಬುದಕ್ಕಲ್ಲ, ವ್ಯವಸ್ಥೆ ಹೇಗೆ ಎಂಬುದಕ್ಕೆ. ಸಸ್ಯಶಾಸ್ತ್ರದ ಉಪನ್ಯಾಸಕಿಯೊಬ್ಬರು ಜೊತೆಗೆ ಬರಲು ಒಪ್ಪಿದರು. ಅವರಿಗೆ ಓಓಡಿ (ಹೊರಗಿನ ಕರ್ತವ್ಯದ ಹಾಜರಿ), ಟಿಎ (ಪ್ರಯಾಣ ಭತ್ಯೆ) ಕೊಡಬೇಕು ಎಂದು ಬರೆದೆವು. ಉಳಿಯಲು ಐಬಿಯಲ್ಲಿ, ಅಂದರೆ ಸರ್ಕಾರಿ ಪ್ರವಾಸಿ ಮಂದಿರದಲ್ಲಿ, ಮೊದಲೇ ಕೊಠಡಿ ಕಾದಿರಿಸಬೇಕು. ಪೋಷಕರ ಒಪ್ಪಿಗೆ ಪತ್ರ ಬೇಕಾದರೆ ಹುಡುಗರಿಂದಲೂ ತೆಗೆದುಕೊಳ್ಳಬೇಕು. ಈ ಕೊನೆಯ ಸಾಲಿಗೆ ಒಂದಿಬ್ಬರು ತಕರಾರು ತೆಗೆದರು. ಹುಡುಗರಿಗೆ ಯಾಕೆ ಅಂತ. ಬೆಟ್ಟದ ಮೇಲೆ ಕಾಲು ಜಾರುವುದು ಹುಡುಗಿಯರಿಗೆ ಮಾತ್ರವಾ? ಆ ಸಾಲು ಉಳಿಯಿತು. ಹುಡುಗಿಯರು ಹೋಗಿ ಬಂದರು, ಅದಾದ ಮೇಲೆಯೇ ಎಲ್ಲರ ಅಂಕ ಅಂತಿಮವಾಯಿತು. ಈಗ ಫೀಲ್ಡ್ ಟ್ರಿಪ್‌ಗೆ ಒಂದೇ ಸುತ್ತೋಲೆ ಹೊರಡುತ್ತದೆ.

ಇನ್ನು ಎರಡನೆಯದು. ಇಂಥ ಒಂದು ದೂರು ಕೇಳಿಸಿಕೊಂಡ ಮೇಲೆ ಏನಾಗುತ್ತದೆ ಅಂದರೆ, ಈ ಮೇಡಂ ಬೈಯಲ್ಲ, ಬರೆದುಕೊಳ್ಳುತ್ತಾರೆ ಅಂತ ಮಾತು ಹರಡುತ್ತದೆ. ಆಗ ಬೇರೆ ವಿಷಯಗಳು ಹೊರಗೆ ಬರತೊಡಗುತ್ತವೆ. ಯಾವ ವಿಭಾಗ, ಯಾವ ವರ್ಷ ಎಂದು ನಾನು ಹೇಳುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಬಂದಳು. ಕೂತಳು. ಮಾತು ಶುರುಮಾಡುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ. ‘ನಮ್ಮನೇಲಿ ಹೇಳ್ತೀರಾ ಮೇಡಂ?’

ನಮ್ಮ ಕಡೆ ಎಲ್ಲವೂ ಈ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಇಂಥ ವಿಷಯ ಕಿವಿಗೆ ಬಿದ್ದ ತಕ್ಷಣ ನಮ್ಮಲ್ಲಿ ಬಹಳ ಜನ ಮಾಡುವ ಮೊದಲ ಕೆಲಸ ಹುಡುಗಿಯ ಅಪ್ಪನಿಗೆ ಫೋನ್ ಮಾಡುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ತಮ್ಮ ಮಗಳಾಗಿದ್ದರೆ ತಿಳಿಸಬೇಕಿತ್ತಲ್ವಾ ಅನ್ನುತ್ತಾರೆ. ಮಾರನೇ ದಿನ ಅಪ್ಪ, ಚಿಕ್ಕಪ್ಪ, ಜೊತೆಗೆ ಊರಿನ ಹಿರಿಯರೊಬ್ಬರು ಪ್ರಿನ್ಸಿಪಾಲರ ಚೇಂಬರಿನಲ್ಲಿ ಕೂತಿರುತ್ತಾರೆ. ‘ಹೆಣ್ಣುಮಗುವಿನ ಮರ್ಯಾದೆ ಪ್ರಶ್ನೆ ಸಾರ್, ಇಲ್ಲಿಗೇ ಬಿಟ್ಟುಬಿಡಿ, ಟಿಸಿ ಕೊಡಿ.’ ತಪ್ಪು ಮಾಡಿದವರು ಅದೇ ಕಾಲೇಜಿನಲ್ಲಿ ಇರುತ್ತಾರೆ. ಹುಡುಗಿ ಇರುವುದಿಲ್ಲ. ವರ್ಷ ಕಳೆಯುವುದರೊಳಗೆ ಮದುವೆ ಆಯಿತಂತೆ ಎಂದು ಗೆಳತಿಯರಿಂದ ಗೊತ್ತಾಗುತ್ತದೆ. ಇಷ್ಟೂ ವರ್ಷದ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹೊಟ್ಟೆ ಉರಿಸಿದ್ದು ಇದೇ. ಕೆಡುಕು ಮಾಡಿದವನಷ್ಟೇ ಕೆಡುಕನ್ನು ಒಂದು ಒಳ್ಳೆಯ ಫೋನ್ ಕರೆ ಮಾಡಿಬಿಡುತ್ತದೆ.

ಅವಳಿಗೆ 18 ತುಂಬಿದೆಯೇ ಎಂದು ಮೊದಲು ಕೇಳಿದೆ. ನಮ್ಮದೇ ಆವರಣದಲ್ಲಿ ಪಿಯು ವಿಭಾಗವೂ ಇದೆ, ಆದ್ದರಿಂದ ಈ ಪ್ರಶ್ನೆ ಕೇಳಲೇಬೇಕು. 18 ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ಗೊತ್ತಾದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಶಿಕ್ಷೆ ಇದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಅಲ್ಲಿ ಐಸಿಸಿ ವಿಚಾರಣೆ ಮಾಡಿ ನೋಡೋಣ ಎಂಬ ಮಾತೇ ಇಲ್ಲ. ಇದನ್ನು ಆ ಮಗು ಬಾಯಿ ಬಿಡುವ ಮುಂಚೆಯೇ ಅದಕ್ಕೆ ತಿಳಿಸಬೇಕು. ಯಾರಿಗೂ ಹೇಳಲ್ಲ ಎಂದು ಮಾತು ಕೊಟ್ಟು ಆಮೇಲೆ ಪೊಲೀಸರಿಗೆ ಹೇಳುವುದು ಮೋಸ.

ಇವಳಿಗೆ 18 ದಾಟಿತ್ತು. ‘ನಿನ್ನ ಮನೆಗೆ ನಾನು ಹೇಳುವುದಿಲ್ಲ. ಬೇರೆ ಯಾರೂ ಹೇಳದ ಹಾಗೆ ಪ್ರಿನ್ಸಿಪಾಲರಿಗೆ ಬರೆದುಕೊಡುತ್ತೇನೆ. ಸಮಿತಿಯವರಿಗೆ ಮಾತ್ರ ಗೊತ್ತಾಗುತ್ತದೆ. ಆದರೆ ಬರವಣಿಗೆಯಲ್ಲಿ ದೂರು ಕೊಟ್ಟರೆ ಅದರ ಒಂದು ಪ್ರತಿ ನೀನು ಯಾರ ಮೇಲೆ ದೂರು ಕೊಡುತ್ತೀಯೋ ಅವರಿಗೂ ಹೋಗುತ್ತದೆ’ ಅಂದೆ. ಈ ಕೊನೆಯ ಮಾತು ಹೇಳುವುದು ಕಷ್ಟ. ಆದರೆ ಹೇಳಲೇಬೇಕು. ಏಳು ದಿನದೊಳಗೆ ಪ್ರತಿ ಕಳಿಸಬೇಕು, ಅವರು ಹತ್ತು ದಿನದೊಳಗೆ ಉತ್ತರ ಕೊಡಬೇಕು ಎಂಬುದು ನಿಯಮ. ಪೊಲೀಸ್ ದೂರಿನ ದಾರಿಯೂ ಇದೆ ಎಂದು ಹೇಳಿದೆ. ಅದು ಅವಳ ಆಯ್ಕೆ, ಬೇಕೆಂದರೆ ನೆರವಾಗುವುದು ಸಂಸ್ಥೆಯ ಕರ್ತವ್ಯ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಸಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು ಎಂದೂ ಹೇಳಿದೆ. ಇವತ್ತೇ ನಿರ್ಧಾರ ಮಾಡಬೇಡ, ಆದರೆ ಫೋನಿನಲ್ಲಿರುವ ಯಾವ ಮೆಸೇಜನ್ನೂ ಅಳಿಸಬೇಡ ಅಂದೆ. ಬೇಸರಕ್ಕೋ ಹೆದರಿಕೆಗೋ ಮಕ್ಕಳು ಮೊದಲು ಮಾಡುವುದೇ ಚಾಟ್ ಡಿಲೀಟ್.

ಕೆಲವು ದಿನ ಬಿಟ್ಟು ಬಂದು ಬರೆದುಕೊಟ್ಟಳು. ಗೆಳತಿಯೊಬ್ಬಳು ಇಂಗ್ಲಿಷಿನಲ್ಲಿ ತಯಾರು ಮಾಡಿಕೊಟ್ಟಿದ್ದ ಪತ್ರ ಅದು. ‘ಅಸಭ್ಯವಾಗಿ ವರ್ತಿಸಿದರು’ ಎಂಬ ಅರ್ಥದ ಒಂದು ಸಾಲಿನಲ್ಲಿ ಎಲ್ಲವೂ ಮುಗಿದುಹೋಗಿತ್ತು. ಬರೆಯಲು ಆಗದಿದ್ದರೆ ನೆರವು ಕೊಡುವುದು ಸಮಿತಿಯ ಹೊಣೆ ಎಂದು ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಇದೆ. ‘ಕನ್ನಡದಲ್ಲೇ ಬರಿ, ನನಗೆ ಹೇಗೆ ಹೇಳಿದೆಯೋ ಹಾಗೇ ಬರಿ’ ಅಂದೆವು. ಯಾವ ದಿನ, ಎಲ್ಲಿ, ಏನು ಅಂದರು, ಆಮೇಲೆ ನೀನು ಏನು ಮಾಡಿದೆ. ಅವಳ ಮಾತನ್ನು ನಾವು ತಿದ್ದಲಿಲ್ಲ. ಹೇಳಿಕೆ ಪಡೆದಾಗಲೂ ಕೊನೆಗೆ ಪೂರ್ತಿ ಓದಿ ಹೇಳಿ, ಅವಳು ಹೌದು ಅಂದ ಮೇಲೆ ಪುಟಪುಟಕ್ಕೂ ಸಹಿ ಹಾಕಿಸಿದೆವು.

ಕಾಲೇಜಿನ ಕಚೇರಿ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಯಾವ ಕಾಗದ ಬಂದರೂ ಅದು ಮೊದಲು ಇನ್‌ವರ್ಡ್ ರಿಜಿಸ್ಟರಿಗೆ ಹೋಗುತ್ತದೆ. ಯಾರಿಂದ, ವಿಷಯ ಏನು ಎಂದು ಬರೆಯುತ್ತಾರೆ. ಆ ಪುಸ್ತಕ ಎಲ್ಲರ ಕಣ್ಣಿಗೆ ಬೀಳುವ ಮೇಜಿನ ಮೇಲೇ ಇರುತ್ತದೆ. ಅಲ್ಲಿ ಒಂದು ಸಾಲು ಬಿದ್ದರೆ ಸಂಜೆಯೊಳಗೆ ಕ್ಯಾಂಟೀನಿಗೆ ಸುದ್ದಿ ಮುಟ್ಟುತ್ತದೆ. ಅದಕ್ಕೆ ಐಸಿಸಿಗೆ ಬೇರೆಯೇ ರಿಜಿಸ್ಟರ್ ಮಾಡಿದೆವು. ಅದರಲ್ಲಿ ನಂಬರು, ದಿನಾಂಕ ಮಾತ್ರ. ಪ್ರಿನ್ಸಿಪಾಲರಿಗೆ ಹೋಗುವುದು ‘ಗೌಪ್ಯ’ ಎಂದು ಬರೆದ, ಅಂಟಿಸಿದ ಲಕೋಟೆ. ಅದನ್ನು ನಾನೇ ಒಯ್ಯುತ್ತಿದ್ದೆ.

ಮಧ್ಯಂತರ ಪರಿಹಾರದ ವಿಷಯದಲ್ಲಿ ಜಾಸ್ತಿ ಯೋಚನೆ ಮಾಡಬೇಕಾಯಿತು. ಇಂಟರ್ನಲ್ ಮಾರ್ಕ್ಸ್ ಕೈಯಲ್ಲಿ ಇರುವವರ ಮೇಲೆ ದೂರು ಕೊಟ್ಟ ವಿದ್ಯಾರ್ಥಿನಿಗೆ ವಿಚಾರಣೆ ಮುಗಿಯುವವರೆಗಿನ ದಿನಗಳು ಭಯಂಕರ. ಆರೋಪಕ್ಕೆ ಒಳಗಾದವರು ಅವಳ ಪರೀಕ್ಷೆಯನ್ನಾಗಲಿ ಕೆಲಸವನ್ನಾಗಲಿ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಮಾಡಿದೆವು. ಆದರೆ ಒಬ್ಬರ ಹೆಸರು ಮಾತ್ರ ಬದಲಾದ ಆದೇಶ ಹೊರಟರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಹಾಗಾಗಿ ಹಲವರ ವರ್ಕ್‌ಲೋಡನ್ನು ಒಟ್ಟಿಗೆ ಹೊಂದಿಸಿ ಸಾಮಾನ್ಯ ಟೈಮ್‌ಟೇಬಲ್ ಬದಲಾವಣೆಯ ಹಾಗೆ ಪ್ರಿನ್ಸಿಪಾಲರು ಆದೇಶ ಮಾಡಿದರು. ಅವರ ಆ ಜಾಣ್ಮೆಯನ್ನು ನಾನು ಈಗಲೂ ನೆನೆಯುತ್ತೇನೆ.

ಈ ನಡುವೆ ‘ಕರೆಸಿ ಸಾರಿ ಕೇಳಿಸಿ ಮುಗಿಸಿಬಿಡಿ ಮೇಡಂ’ ಎಂದು ಹಿರಿಯರೊಬ್ಬರು ಹೇಳಿದರು. ರಾಜಿ ಎಂಬುದು ಕಾನೂನಿನಲ್ಲಿ ಇದೆ. ಆದರೆ ಅದು ವಿಚಾರಣೆ ಶುರುವಾಗುವ ಮೊದಲು, ದೂರು ಕೊಟ್ಟವಳೇ ಕೇಳಿದರೆ ಮಾತ್ರ. ಹಣ ಕೊಟ್ಟು ಮಾಡುವ ರಾಜಿ ಅಂತೂ ಇಲ್ಲವೇ ಇಲ್ಲ. ಅವಳು ಕೇಳಿರಲಿಲ್ಲ. ನಾವು ಕೇಳಿಸುವುದೂ ತಪ್ಪು.

ವಿಚಾರಣೆಯನ್ನು ರಜೆಯ ದಿನ ಎನ್ನೆಸ್ಸೆಸ್ ಕೊಠಡಿಯಲ್ಲಿ ಮಾಡಿದೆವು. ಇಬ್ಬರೂ ಒಂದೇ ಬೆಂಚಿನ ಮೇಲೆ ಕಾಯುವಂತೆ ಆಗಬಾರದು ಎಂದು ಬೇರೆ ಬೇರೆ ಹೊತ್ತು ಕೊಟ್ಟೆವು. ಆರೋಪಕ್ಕೆ ಒಳಗಾದವರು ತಾವು ಕೇಳಬೇಕೆಂದ ಪ್ರಶ್ನೆಗಳನ್ನು ಬರೆದು ಕೊಡಲಿ, ಸಮಿತಿ ಕೇಳುತ್ತದೆ ಎಂದೆವು. ವಕೀಲರಿಗೆ ಅಲ್ಲಿ ಅವಕಾಶವಿಲ್ಲ. ದೂರಿನಲ್ಲಿ ವಿದ್ಯಾರ್ಥಿ ಇದ್ದಾಗ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಸಮಿತಿಯಲ್ಲಿ ಕೂರಬೇಕು. ಆ ಮಕ್ಕಳು ಎಷ್ಟು ಗಂಭೀರವಾಗಿ ನಡೆದುಕೊಂಡರು ಅಂದರೆ, ಒಂದು ಮಾತೂ ಹೊರಗೆ ಹೋಗಲಿಲ್ಲ. ಹೊರಗಿನ ಸದಸ್ಯೆ ಮಹಿಳಾ ಸಂಘಟನೆಯವರು. ‘ಮತ್ತೆ ಯಾಕೆ ರಿಪ್ಲೈ ಮಾಡಿದೆ?’ ಎಂದು ಸದಸ್ಯರೊಬ್ಬರು ಕೇಳಲು ಹೊರಟಾಗ ಅವರೇ ತಡೆದರು. ‘ಮಾರ್ಕ್ಸ್ ಕೊಡುವವರು ರಾತ್ರಿ ಮೆಸೇಜ್ ಮಾಡಿದರೆ ಉತ್ತರ ಕೊಡದೆ ಇರಲು ಆಗುತ್ತಾ ಸಾರ್?’ ಅಷ್ಟೇ ಹೇಳಿದ್ದು. ಆಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಆರೋಪಕ್ಕೆ ಒಳಗಾದವರ ಬಗ್ಗೆಯೂ ನಮಗೆ ಕರ್ತವ್ಯ ಇದೆ. ಅವರ ಉತ್ತರ, ಅವರ ಸಾಕ್ಷಿಗಳು, ಎಲ್ಲವನ್ನೂ ಅಷ್ಟೇ ತಾಳ್ಮೆಯಿಂದ ಕೇಳಿದೆವು. ಸ್ಟಾಫ್ ರೂಮಿನಲ್ಲಿ ಯಾರಾದರೂ ಮಾತು ತೆಗೆದರೆ ಎದ್ದು ಬರುತ್ತಿದ್ದೆ. ಸುಳ್ಳು ದೂರಾದರೆ ಏನು ಗತಿ ಎಂದು ಸಹೋದ್ಯೋಗಿಗಳು ಪದೇ ಪದೇ ಕೇಳುತ್ತಾರೆ. ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಅದಕ್ಕೂ ಕ್ರಮ ಇದೆ. ಆದರೆ ಸಾಕ್ಷಿ ಸಾಲದೆ ಹೋದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. 14ನೇ ಸೆಕ್ಷನ್ ಇವೆರಡನ್ನೂ ಹೇಳುತ್ತದೆ. ಮೊದಲ ಅರ್ಧವನ್ನು ಮಾತ್ರ ಓದುವವರೇ ಜಾಸ್ತಿ.

90 ದಿನದ ಗಡುವಿನೊಳಗೆ ವಿಚಾರಣೆ ಮುಗಿಯಿತು. ಮುಗಿದ ಹತ್ತು ದಿನದೊಳಗೆ ವರದಿ ಕೊಟ್ಟೆವು. ಅದರ ಮೇಲೆ 30 ದಿನದಲ್ಲಿ ಕ್ರಮ ಕೈಗೊಳ್ಳುವುದು ಆಡಳಿತ ಮಂಡಳಿಯ ಹೊಣೆ. ಏನು ತೀರ್ಮಾನವಾಯಿತು ಎಂದು ನಾನು ಬರೆಯುವಂತಿಲ್ಲ. ಅವಳು ಕಾಲೇಜು ಬಿಡಲಿಲ್ಲ. ಪರೀಕ್ಷೆ ಬರೆದಳು, ಪಾಸಾದಳು. ಮನೆಗೆ ವಿಷಯವನ್ನು ಅವಳೇ ಹೇಳಿದಳು, ತನಗೆ ಹೇಳಬೇಕು ಅನಿಸಿದಾಗ, ಅಮ್ಮನಿಗೆ ಮೊದಲು.

ಇದಾದ ಮೇಲೆ ಪ್ರಿನ್ಸಿಪಾಲರ ಬಳಿ ಹೋಗಿ, ಉಪನ್ಯಾಸಕರಿಗೆ ಮಾತ್ರ ತರಬೇತಿ ಕೊಟ್ಟರೆ ಸಾಲದು ಎಂದೆ. ಮಕ್ಕಳು ಮೊದಲು ಹೇಳಿಕೊಳ್ಳುವುದು ನಮ್ಮ ಹತ್ತಿರ ಅಲ್ಲವೇ ಅಲ್ಲ. ಲೈಬ್ರರಿಯ ಅಕ್ಕನ ಹತ್ತಿರ, ಹಾಸ್ಟೆಲ್ ಮೇಲ್ವಿಚಾರಕಿ ಹತ್ತಿರ, ಪಿಟಿ ಸರ್ ಹತ್ತಿರ, ಕೆಲವೊಮ್ಮೆ ಅಟೆಂಡರ್ ಹತ್ತಿರ. ಅವರನ್ನೆಲ್ಲ ಕೂರಿಸಿಕೊಂಡು ಕನ್ನಡದಲ್ಲೇ ಮಾತಾಡಿದೆವು. ನೀವು ನ್ಯಾಯ ಹೇಳಬೇಕಾಗಿಲ್ಲ, ನಿಜವೋ ಸುಳ್ಳೋ ಎಂದು ಪತ್ತೆ ಮಾಡಬೇಕಾಗಿಲ್ಲ, ಆ ಕಡೆಯವರನ್ನು ಕೇಳಲು ಹೋಗಬೇಡಿ, ಮನೆಗೆ ಫೋನ್ ಮಾಡಬೇಡಿ, ಅವಳನ್ನು ನಮ್ಮ ಹತ್ತಿರ ಕರೆದುಕೊಂಡು ಬನ್ನಿ. ‘ಅಷ್ಟೇನಾ ಮೇಡಂ?’ ಅಂದರು ಒಬ್ಬ ಅಟೆಂಡರ್. ಅಷ್ಟೇ. ಸಮಿತಿಯವರ ಹೆಸರು, ಫೋನ್ ನಂಬರ್ ಇರುವ ಬೋರ್ಡನ್ನು ಪ್ರಿನ್ಸಿಪಾಲರ ಕೊಠಡಿಯ ಎದುರಿನಿಂದ ತೆಗೆಸಿ ಮಹಿಳಾ ವಿಶ್ರಾಂತಿ ಕೊಠಡಿಯೊಳಗೆ, ಲೈಬ್ರರಿಯಲ್ಲಿ, ಹಾಸ್ಟೆಲಿನಲ್ಲಿ ಹಾಕಿಸಿದೆವು. ಎಲ್ಲರೂ ನೋಡುವ ಜಾಗದಲ್ಲಿ ನಿಂತು ಆ ನಂಬರ್ ಬರೆದುಕೊಳ್ಳಲು ಯಾವ ಹುಡುಗಿಗೂ ಆಗುವುದಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ‘ದೂರುಗಳ ಸಂಖ್ಯೆ: ಶೂನ್ಯ’ ಎಂದು ಹೆಮ್ಮೆಯಿಂದ ಬರೆಯುವ ಕಾಲೇಜುಗಳನ್ನು ನೋಡಿದ್ದೇನೆ. ಸಾವಿರಾರು ಮಕ್ಕಳು ಓದುವ ಕಡೆ ವರ್ಷಗಟ್ಟಲೆ ಒಂದೂ ದೂರು ಬರಲಿಲ್ಲ ಅಂದರೆ ನನಗೆ ಆತಂಕವಾಗುತ್ತದೆ. ನಮ್ಮ ವಾರ್ಷಿಕ ವರದಿಯಲ್ಲಿ ಈಗ ಶೂನ್ಯ ಇಲ್ಲ. ಬಂದ ದೂರುಗಳನ್ನು ತೆಗೆದು ಶೂನ್ಯ ಎಂದು ಬರೆಯಿರಿ ಅಂತ ಯಾರೂ ಹೇಳಲಿಲ್ಲ, ಅದಕ್ಕೆ ನನಗೆ ಸಮಾಧಾನವಿದೆ.

ಇನ್ನೂ ಆಗದೆ ಉಳಿದಿರುವುದು ಅತಿಥಿ ಉಪನ್ಯಾಸಕರ ವಿಷಯ. ನಮ್ಮಲ್ಲಿ ಪಾಠದ ದೊಡ್ಡ ಪಾಲು ಅವರದೇ. ವರ್ಷ ವರ್ಷ ಬದಲಾಗುತ್ತಾರೆ. ಅವರಿಗೆ ಈ ನಿಯಮಗಳನ್ನು ಹೇಳುವವರಿಲ್ಲ. ಅವರಲ್ಲಿ ಹೆಂಗಸರಿಗೇ ತೊಂದರೆಯಾದರೂ ಮುಂದಿನ ವರ್ಷ ಕರೆಯುವುದಿಲ್ಲವೇನೋ ಎಂದು ಬಾಯಿ ಬಿಡುವುದಿಲ್ಲ. ಕಾಯಂ ಅಲ್ಲದಿದ್ದರೂ ಅವರಿಗೂ ಈ ಕಾಯ್ದೆ ಪೂರ್ತಿ ಅನ್ವಯಿಸುತ್ತದೆ. ಕೆಲಸಕ್ಕೆ ಸೇರುವ ವಾರದಲ್ಲೇ ಅವರಿಗೆ ಒಂದು ಗಂಟೆ ಕೊಡಿ, ನೇಮಕದ ಪತ್ರದ ಜೊತೆಗೆ ಸಮಿತಿಯ ವಿವರದ ಹಾಳೆಯೂ ಹೋಗಲಿ ಎಂದು ಬರೆದುಕೊಟ್ಟಿದ್ದೇನೆ. ಹಾಳೆಗೆ ಒಪ್ಪಿಗೆ ಸಿಕ್ಕಿದೆ. ಒಂದು ಗಂಟೆಗೆ ಇನ್ನೂ ಕೇಳುತ್ತಿದ್ದೇನೆ.